ಹದಿನಾಲ್ಕನೇ ಖೋಲಿಯ ಬಿಲ್ಲೆ

ನಮ್ಮ ಕಂಪೌಂಡಿಗೆ ಒಂದೇ ಗೇಟು. ಗೇಟಿನ ಒಳಗಡೆ ಗೋಡೆಗೆ ಒಂದು ಉದ್ದ ಹಲಗೆ ಬಡಿದಿದ್ದರು. ಹಲಗೆಯ ಮೇಲೆ ಮೂವತ್ತೆರಡು ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ. ಖೋಲಿಗೆ ಒಂದು ಬಿಲ್ಲೆ, ಬಿಲ್ಲೆಗೆ ಒಂದು ಜೋಡಿ ಕೈ. ಬೆಳಿಗ್ಗೆ ಭೋಂಗಾ, ಅಂದರೆ ಕಾರ್ಖಾನೆಯ ಸೈರನ್ನು, ಊದಿದಾಗ ಪ್ರತಿ ಖೋಲಿಯಿಂದ ಒಬ್ಬ ಬಂದು ತನ್ನ ಬಿಲ್ಲೆ ತೆಗೆದು ಕೊರಳಿಗೆ ಕಟ್ಟಿಕೊಂಡು ಸುಣ್ಣದ ಹೊಂಡಕ್ಕೆ ಇಳಿಯಬೇಕು. ಸಂಜೆ ಅದನ್ನು ಮತ್ತೆ ಮೊಳೆಗೆ ಹಾಕಬೇಕು. ನಾಯಿಗೂ ಕೊರಳಲ್ಲಿ ಬಿಲ್ಲೆ ಕಟ್ಟುತ್ತಾರೆ. ಆದರೆ ನಾಯಿಯನ್ನು ಯಾರೂ ಸುಣ್ಣದ ನೀರಿಗೆ ಇಳಿಸುವುದಿಲ್ಲ.

ನಮ್ಮದು ಹದಿನಾಲ್ಕನೇ ಖೋಲಿ. ನಾನು ಹುಟ್ಟಿದ್ದು ಅದರೊಳಗೆ. ಹೆಸರು ಮೋಹಿನಿ. ಅಪ್ಪ ಖಂಡಪ್ಪ, ಅವ್ವ ರುಕ್ಮಿಣಿಬಾಯಿ. ಇಬ್ಬರೂ ಕಲಬುರ್ಗಿ ಕಡೆಯಿಂದ ಬಂದವರು. ಧಾರಾವಿಯ ನಾಲೆಯ ಪಕ್ಕ, ಎತ್ತರದ ಗೋಡೆಯ ಒಳಗೆ ಸೇಠನ ತೊಗಲಿನ ಕಾರ್ಖಾನೆ, ಅದರ ಹಿಂದೆ ಒಂದೊಂದೇ ಕೋಣೆಯ ಎರಡು ಸಾಲು ಖೋಲಿ, ಅದರೊಳಗೆ ನಾವು. ಈ ಗೋಡೆ ಯಾಕೆ ಎಂದು ಚಿಕ್ಕವಳಿದ್ದಾಗ ಅಪ್ಪನನ್ನು ಕೇಳಿದ್ದೆ. ಕಳ್ಳರು ಬರದಿರಲಿ ಅಂತ ಎಂದಿದ್ದ. ಕಸಾಯಿಖಾನೆಯಿಂದ ಬಂದ, ಹುಳ ಹತ್ತಿದ ಹಸಿ ತೊಗಲನ್ನು ಕದಿಯಲು ಯಾವ ಕಳ್ಳ ಬರುತ್ತಾನೆ? ಗೋಡೆಯ ಮೇಲಿನ ಗಾಜಿನ ಚೂರುಗಳು ಒಳಗಡೆಗೆ ಬಾಗಿದ್ದವು. ಅದನ್ನು ನಾನು ಬಹಳ ತಡವಾಗಿ ಗಮನಿಸಿದೆ.

ಯಾವ ಖೋಲಿ ಕೈ ಕೊಡುವುದಿಲ್ಲವೋ ಆ ಖೋಲಿಯ ಬಿಲ್ಲೆಯನ್ನು ಮಗುಚಿ ಹಾಕುತ್ತಿದ್ದರು. ನಂಬರು ಗೋಡೆಯ ಕಡೆಗೆ, ಬೆನ್ನು ನಮ್ಮ ಕಡೆಗೆ. ಆಮೇಲೆ ಎಂಟು ದಿನ. ಎಂಟು ದಿನದಲ್ಲಿ ಇನ್ನೊಂದು ಜೋಡಿ ಕೈ ಕೊಡಬೇಕು, ಇಲ್ಲ ಖೋಲಿ ಬಿಡಬೇಕು. ಇಷ್ಟು ಸೇಠನ ಕಾನೂನು. ಇನ್ನೊಂದು ಕಾನೂನು ನಮ್ಮದೇ. ಬಿಲ್ಲೆ ಮಗುಚಿದ ಮನೆಯವರ ಜೊತೆ ಆ ಎಂಟು ದಿನ ಯಾರೂ ಮಾತಾಡುವಂತಿಲ್ಲ. ಅವರು ನಳ ಮುಟ್ಟುವಂತಿಲ್ಲ. ಅವರಿಗೆ ಒಂದು ಚೆರಿಗೆ ನೀರು ಯಾರೂ ಕೊಡುವಂತಿಲ್ಲ. ಊರಲ್ಲಿ ಮೇಲಿನವರು ನಮಗೆ ಮಾಡಿದ್ದನ್ನೇ ನಾವು ಗಂಟಿನಲ್ಲಿ ಕಟ್ಟಿಕೊಂಡು ಮುಂಬಯಿಗೆ ತಂದಿದ್ದೆವು. ಸೇಠನಿಗೆ ಒಂದು ಲಾಠಿಯ ಖರ್ಚೂ ಬರಲಿಲ್ಲ.

ಸಾಯಬಣ್ಣ ಅಂತ ಒಬ್ಬ ಇದ್ದ. ಅಪ್ಪನ ಚಿಕ್ಕಪ್ಪನ ಮಗ. ನನಗೆ ದೊಡ್ಡಪ್ಪ ಆಗಬೇಕು. ಸುಣ್ಣ ಸಿಡಿದು ಅವನ ಒಂದು ಕಣ್ಣು ಹೋಯಿತು, ಮಕ್ಕಳಿರಲಿಲ್ಲ, ಅವನ ಬಿಲ್ಲೆ ಮಗುಚಿದರು. ಆ ಎಂಟು ದಿನ ನಳದ ಹತ್ತಿರ ಕಾವಲು ನಿಂತದ್ದು ಯಾರು? ನನ್ನ ಅಪ್ಪ. ದೊಡ್ಡವ್ವ ಖಾಲಿ ಕೊಡ ಹಿಡಿದುಕೊಂಡು ಬಂದಳು. ಅಪ್ಪ ನಳದ ಬಾಯಿಗೆ ಅಂಗೈ ಒತ್ತಿ ಹಿಡಿದು ಮುಖ ಆಚೆ ತಿರುಗಿಸಿದ. ಪಕ್ಕದಲ್ಲಿ ನಾನು ನನ್ನ ತುಂಬಿದ ಕೊಡವನ್ನು ಎರಡೂ ಕೈಯಿಂದ ತಬ್ಬಿಕೊಂಡು ನಿಂತಿದ್ದೆ. ಆಗ ನನಗೆ ಹತ್ತು ವರ್ಷ. ಒಂಬತ್ತನೇ ದಿನ ಅವರಿಬ್ಬರೂ ಹೋದರು. ಎಲ್ಲಿಗೆ ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ಇದನ್ನು ನೆನೆದರೆ ನನಗೆ ಅಪ್ಪನ ಮೇಲಲ್ಲ, ನನ್ನ ಮೇಲೇ ಹೇಸಿಗೆ ಬರುತ್ತದೆ.

ಹೊಂಡದ ಕೆಲಸ ಹೇಳುತ್ತೇನೆ ಕೇಳಿ. ಸುಣ್ಣದ ನೀರಿನಲ್ಲಿ ತೊಗಲು ಹತ್ತು ದಿನ ನೆನೆಯುತ್ತದೆ. ಮನುಷ್ಯ ತೊಡೆಯವರೆಗೆ ಅದರಲ್ಲಿ ನಿಂತು ಅದನ್ನು ಕಾಲಿನಿಂದ ತುಳಿದು ಕೈಯಿಂದ ತಿರುವಬೇಕು. ಕೂದಲು ಉದುರಬೇಕು, ಕೊಬ್ಬು ಬಿಡಬೇಕು. ಸುಣ್ಣಕ್ಕೆ ದನದ ಚರ್ಮ ಯಾವುದು, ಮನುಷ್ಯನ ಚರ್ಮ ಯಾವುದು ಗೊತ್ತಾಗುವುದಿಲ್ಲ. ಎರಡನ್ನೂ ತಿನ್ನುತ್ತದೆ. ಮೊದಲು ಉಗುರು ಹಳದಿಯಾಗುತ್ತದೆ, ಆಮೇಲೆ ಉಗುರಿನ ಸುತ್ತ ತೂತು ಬೀಳುತ್ತದೆ. ಅಪ್ಪ ಊಟಕ್ಕೆ ಕುಳಿತರೆ ಖಾರದ ಸಾರಿಗೆ ಬೆರಳು ಹಾಕಲು ಆಗುತ್ತಿರಲಿಲ್ಲ. ಅವ್ವ ರೊಟ್ಟಿ ಮುರಿದು ನೆನೆಸಿ ಬಾಯಿಗೆ ಇಡುತ್ತಿದ್ದಳು. ಎಪ್ಪತ್ತಾರರ ಏಪ್ರಿಲ್‌ನಲ್ಲಿ ಅವನ ಬಲಗೈಯ ಎರಡು ಬೆರಳನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರು. ಮೂರನೇ ವಾರಕ್ಕೆ ಕೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಹೊಂಡಕ್ಕೆ ಇಳಿದ.

ಹೆಂಗಸರಿಗೆ ಬಿಲ್ಲೆ ಇಲ್ಲ. ಕೆಲಸ ಇದೆ. ಸುಣ್ಣದಿಂದ ಬಂದ ತೊಗಲನ್ನು ನಾವು ಚೀಲದ ಹಾಗೆ ಹೊಲಿಯಬೇಕು. ಚೀಲವನ್ನು ಮರದ ತೊಲೆಗೆ ನೇತುಹಾಕಿ ಜಾಲಿ ಚಕ್ಕೆಯ ಕೆಂಪು ನೀರು ತುಂಬುತ್ತಾರೆ. ಆ ನೀರು ಒಳಗಿನಿಂದ ಇಳಿದು ಇಳಿದು ತೊಗಲು ಹದವಾಗುತ್ತದೆ. ಹೊಲಿಗೆ ಸಡಿಲಾದರೆ ನೀರು ಸೋರಿ ಮಾಲು ಕೆಡುತ್ತದೆ. ಅದಕ್ಕೆ ಚೀಲ ತುಂಬುವಾಗ ಹೊಲಿದವಳೇ ಅದರ ಕೆಳಗೆ ನಿಲ್ಲಬೇಕು, ತಲೆ ಮೇಲೆತ್ತಿ. ಸೋರಿದರೆ ಅವಳ ಮುಖದ ಮೇಲೇ ಸೋರಲಿ ಅಂತ. ಹದಿನೈದು ವರ್ಷ ಸೂಜಿ ಚುಚ್ಚಿ ಅವ್ವನ ಕಣ್ಣು ಮಂಜಾಗಿತ್ತು. ಅವಳ ಚೀಲಗಳನ್ನು ನಾನೇ ಹೊಲಿಯುತ್ತಿದ್ದೆ, ನಾನೇ ಕೆಳಗೆ ನಿಲ್ಲುತ್ತಿದ್ದೆ. ನನ್ನ ಕೈ ಮೊಣಕೈವರೆಗೆ ಕೆಂಪು. ಯಾವ ಸಾಬೂನಿಗೂ ಹೋಗದ ಕೆಂಪು. ಲೋಕಲ್ ಟ್ರೇನಿನಲ್ಲಿ ಹೆಂಗಸರು ನನ್ನ ಕೈ ನೋಡಿ ಸೀರೆ ಎಳೆದುಕೊಳ್ಳುತ್ತಿದ್ದರು.

ನಾನು ಏಳನೇ ಕ್ಲಾಸು ಪಾಸಾಗಿದ್ದೆ, ಮರಾಠಿ ಶಾಲೆಯಲ್ಲಿ. ಇಡೀ ಕಂಪೌಂಡಿನಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಓದಿಸಿದ್ದು ಮ್ಯಾನೇಜರು ತಿರುಮಲೇಶ. ಮೈಸೂರಿನ ಕಡೆಯವರು, ಮಾಟುಂಗದಲ್ಲಿ ಮನೆ. ಹಣೆಯ ಮೇಲೆ ತೆಳ್ಳಗಿನ ಕೆಂಪು ಗೆರೆ. ಒಂದು ದಿನವೂ ಯಾರಿಗೂ ಬೈದವರಲ್ಲ. ಬೈದು ಕೆಲಸ ಮಾಡಿಸುವ ಮುಕಾದಮನ ಕೈಯಿಂದ ತಪ್ಪಿಸಿಕೊಳ್ಳಬಹುದು. ಪ್ರೀತಿಯಿಂದ ಮಾತಾಡುವ ಈ ಮನುಷ್ಯನ ಕೈಯಿಂದ ತಪ್ಪಿಸಿಕೊಳ್ಳುವುದು ಬಹಳ ಕಷ್ಟ. ನನ್ನನ್ನು ಮಗು ಎನ್ನುತ್ತಿದ್ದರು. ಚಹಾ ಮಾತ್ರ ನನಗೆ ಕಿಟಕಿಯ ಮೇಲಿಟ್ಟ ಬೇರೆ ಕಪ್ಪಿನಲ್ಲಿ.

ನನ್ನನ್ನು ಯಾಕೆ ಓದಿಸಿದರು? ಅವರಿಗೆ ಮರಾಠಿ ಬರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಮುಂಬಯಿಯಲ್ಲಿದ್ದರು. ಮನೆಯಲ್ಲಿ ಕನ್ನಡ, ಹೋಟೆಲಿನಲ್ಲಿ ಕನ್ನಡ, ಗುಡಿಯಲ್ಲಿ ಕನ್ನಡ, ಇಲ್ಲಿ ನಮ್ಮ ಜೊತೆ ಕನ್ನಡ, ಸೇಠನ ಜೊತೆ ಇಂಗ್ಲಿಷು. ಮಂತ್ರವನ್ನೂ ಕನ್ನಡ ಅಕ್ಷರದಲ್ಲೇ ಕಲಿತವರು. ಮಾತಾಡಿದ್ದು ಅಷ್ಟಿಷ್ಟು ತಿಳಿಯುತ್ತಿತ್ತು, ನಾಗರಿ ಲಿಪಿಯಲ್ಲಿ ಬರೆದದ್ದು ತಿಳಿಯುತ್ತಿರಲಿಲ್ಲ. ಸರ್ಕಾರಿ ಕಾಗದಗಳೆಲ್ಲ ಮರಾಠಿಯಲ್ಲಿ ಬರಲು ಶುರುವಾದಾಗ ಅವರಿಗೆ ಒಬ್ಬ ಓದುವವಳು ಬೇಕಾದಳು. ಹೊರಗಿನ ಗುಮಾಸ್ತನನ್ನು ಇಟ್ಟರೆ ಅವನು ಒಳಗಿನದನ್ನು ಹೊರಗೆ ಹೇಳುತ್ತಾನೆ. ನಾನಾದರೆ ಗೋಡೆಯ ಒಳಗಿನವಳು.

ಎಪ್ಪತ್ತಾರರ ಜನವರಿ. ಎಮರ್ಜೆನ್ಸಿ ಇತ್ತು. ಮುಂಬಯಿಯ ಎಲ್ಲ ಜೋಪಡಿಗಳ ಎಣಿಕೆ ಬಂತು. ಪ್ರತಿಯೊಬ್ಬರ ಫೋಟೋ ತೆಗೆದು ಪಾಸು ಕೊಡುತ್ತಾರೆ, ಪಾಸು ಇಲ್ಲದವರನ್ನು ಲಾರಿಗೆ ಹಾಕಿ ಊರಾಚೆ ಬಿಡುತ್ತಾರೆ ಎಂದು ಸುದ್ದಿ. ತಿರುಮಲೇಶ ನನ್ನನ್ನು ಆಫೀಸಿನಲ್ಲಿ ಕೂರಿಸಿ ಎರಡು ದಿನ ಫಾರಮು ತುಂಬಿಸಿದರು. ಅವರು ಕನ್ನಡದಲ್ಲಿ ಹೇಳುವುದು, ನಾನು ಮರಾಠಿಯಲ್ಲಿ ಬರೆಯುವುದು. ಹೆಸರು, ವಯಸ್ಸು, ಖೋಲಿ, ಉದ್ಯೋಗ. ಹದಿನಾರು ದಾಟಿದ ಎಲ್ಲರ ಉದ್ಯೋಗದ ಮುಂದೆ ಒಂದೇ ಸಾಲು ಬರೆಸಿದರು. ತೊಗಲಿನ ಕೆಲಸ, ಕಂಪೌಂಡಿನ ಕಾಯಂ ಕೆಲಸಗಾರ. ನನ್ನ ಫಾರಮು ಬಂದಾಗ ಪೆನ್ನು ನಿಂತಿತು. ಅವರು ನಕ್ಕರು. ಸದ್ಯಕ್ಕೆ ಹಾಗೇ ಬರಿ, ಖೋಲಿ ಗಟ್ಟಿಯಾಗುತ್ತೆ ಎಂದರು. ನಾನು ಬರೆದೆ. ಅಕ್ಷರ ಮುತ್ತಿನ ಹಾಗಿದೆ ಎಂದು ಹೊಗಳಿದರು. ನಾಚಿಕೆಗೆಟ್ಟವಳು ನಾನು, ಖುಷಿಪಟ್ಟೆ. ನನ್ನ ಕೊರಳಿನ ಹಗ್ಗವನ್ನು ಮುತ್ತಿನಂಥ ಅಕ್ಷರದಲ್ಲಿ ಹೊಸೆದು ಕೊಟ್ಟು ಬಂದೆ.

ಪಾಸು ಜೂನಿಗೆ ಎಂದರು. ಅಲ್ಲಿಯವರೆಗೆ ಫಾರಮಿನ ನಕಲು ಚೀಟಿಯೊಂದನ್ನು ಎಲ್ಲರ ಕೈಗೂ ಕೊಟ್ಟರು.

ಒಂಬತ್ತನೇ ಖೋಲಿಯ ಭಾಗವ್ವನಿಗೆ ಒಬ್ಬನೇ ಮಗ, ಚಂದ್ರಾಮ. ಗಂಡ ಸತ್ತ ಮೇಲೆ ಆ ಖೋಲಿಯ ಬಿಲ್ಲೆ ಅವನ ಕೊರಳಿಗೆ ಬಂದಿತ್ತು. ಹತ್ತೊಂಬತ್ತು ವರ್ಷ. ಮಾರ್ಚ್‌ನಲ್ಲಿ ಅವನಿಗೆ ಪರೇಲಿನ ಒಂದು ಮಿಲ್ಲಿನಲ್ಲಿ ಬದಲಿ ಕೆಲಸ ಸಿಗುವ ಹಾಗಾಯಿತು. ಒಂದು ಮುಂಜಾನೆ ಬಿಲ್ಲೆ ಮುಟ್ಟದೆ ಗೇಟು ದಾಟಿದ. ಮೂರನೇ ದಿನ ಸ್ಟೇಷನ್ ಹೊರಗೆ ಪೊಲೀಸರು ಚೀಟಿ ಕೇಳಿದರು. ತೋರಿಸಿದ. ಕಂಪೌಂಡಿನ ಕಾಯಂ ಕೆಲಸಗಾರ ಕೆಲಸ ಬಿಟ್ಟು ಬೀದಿಯಲ್ಲಿ ಏನು ಮಾಡುತ್ತಿದ್ದಾನೆ ಎಂದು ಜೀಪಿನಲ್ಲಿ ತಂದು ಗೇಟಿನೊಳಗೆ ಬಿಟ್ಟರು. ತಿರುಮಲೇಶ ಬೈಯಲಿಲ್ಲ. ಪಾಪ ಹುಡುಗ, ದಾರಿ ತಪ್ಪಿದ್ದ ಎಂದರು. ಸಂಜೆಯವರೆಗೆ ಹೊಸ ಸುಣ್ಣದ ಹೊಂಡದಲ್ಲಿ ನಿಲ್ಲಿಸಿದರು. ಮೇಲೆ ಬಂದಾಗ ಅವನ ತೊಡೆಯ ಚರ್ಮ ಬಟ್ಟೆಗೆ ಅಂಟಿಕೊಂಡು ಬಂತು.

ಅವತ್ತು ನಳದ ಹತ್ತಿರ ಭಾಗವ್ವ ನನ್ನ ಕೊಡವನ್ನು ಕಾಲಿನಿಂದ ಉರುಳಿಸಿದಳು. ಎಲ್ಲರೂ ನೋಡುತ್ತಿದ್ದರು.

“ಆ ಚೀಟಿ ಬರ್ದಾಕಿ ನೀ. ಪೊಲೀಸ್ರಲ್ಲ, ಮ್ಯಾನೇಜರ್ ಅಲ್ಲ. ನನ್ನ ಮಗನ್ನ ಹಿಡಿದು ತಂದಾಕಿ ನೀ,” ಎಂದಳು.

ಅವಳು ಹೇಳಿದ್ದು ನಿಜ. ಖಾಲಿ ಕೊಡ ಎತ್ತಿಕೊಂಡು ಮನೆಗೆ ಬಂದೆ.

ಮೇ ತಿಂಗಳಲ್ಲಿ ನಾನು ಪರೇಲಿಗೆ ಹೋದೆ. ಅಪ್ಪನ ಬೆರಳಿನ ಡ್ರೆಸ್ಸಿಂಗಿಗೆಂದು ಗೇಟಿನಲ್ಲಿ ಹೇಳಿ ಅವನ ಜೊತೆ ಹೋದದ್ದು. ಆಸ್ಪತ್ರೆಯ ಗೋಡೆಯ ಮೇಲೆ ಕಾಗದ ಅಂಟಿಸಿದ್ದರು. ನರ್ಸಿಂಗ್ ತರಬೇತಿ, ಏಳನೇ ಕ್ಲಾಸು ಪಾಸಾದ ಹುಡುಗಿಯರಿಗೆ. ಇರಲು ಹಾಸ್ಟೆಲು, ಉಡಲು ಬಿಳಿ ಸೀರೆ. ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆ. ಅಲ್ಲಿದ್ದ ವಯಸ್ಸಾದ ಸಿಸ್ಟರು ನನ್ನ ಮಾರ್ಕಿನ ಕಾಗದ ನೋಡುವುದಕ್ಕಿಂತ ಮೊದಲು ಕೈ ನೋಡಿದಳು. ನಾನು ಬೆನ್ನ ಹಿಂದೆ ಮುಚ್ಚಿಕೊಂಡೆ. ಮುಂದೆ ಚಾಚು ಎಂದಳು. ಮುಟ್ಟಿ ತಿರುವಿ ನೋಡಿದಳು. ನಮ್ಮವರಲ್ಲದ ಒಬ್ಬರು ನನ್ನ ಕೈಯನ್ನು ತಾವಾಗಿ ಮುಟ್ಟಿದ್ದು ಅದೇ ಮೊದಲು. ಎಷ್ಟು ದಿನ ಚಕ್ಕೆಯ ನೀರು ಮುಟ್ಟದಿದ್ದರೆ ಈ ಬಣ್ಣ ಹೋಗುತ್ತದೆ ಎಂದು ಕೇಳಿದಳು. ಮೂರು ತಿಂಗಳು ಎಂದೆ. ಹಾಗಾದರೆ ಇವತ್ತಿನಿಂದ ಮುಟ್ಟಬೇಡ, ಜೂನ್ ಹದಿನೈದಕ್ಕೆ ಬಾ, ಉಳಿದ ಬಣ್ಣ ಇಲ್ಲಿಗೆ ಬಂದ ಮೇಲೆ ಹೋಗಲಿ ಎಂದಳು. ಜೊತೆಗೆ ಫೋಟೋ ಪಾಸು ತರಬೇಕು. ಬೇರೆ ಕಡೆ ಕಾಯಂ ಕೆಲಸ ಇದ್ದವರನ್ನು ತೆಗೆದುಕೊಳ್ಳುವುದಿಲ್ಲ.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತೆ. ದಾರಿಯಲ್ಲಿ ಎಲ್ಲ ಹೇಳಿದೆ. ಅಪ್ಪ ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿ ಹಿಡಿದು ನಡೆಯುತ್ತಲೇ ಇದ್ದ.

ಜೂನಿನ ಮೊದಲ ವಾರ ತಿರುಮಲೇಶ ನಮ್ಮ ಮೂವರನ್ನೂ ಆಫೀಸಿನ ಬಾಗಿಲಿಗೆ ಕರೆದರು. ಖಂಡಪ್ಪನ ಕೈ ನೋಡಿ ತಮಗೆ ರಾತ್ರಿ ಊಟ ಸೇರುವುದಿಲ್ಲ ಎಂದರು. ಮೂರು ಬೆರಳಿನ ಕೈ ಹೊಂಡಕ್ಕೆ ನಡೆಯುವುದಿಲ್ಲ ಎಂದು ಸೇಠ ಹೇಳಿದನಂತೆ. ಗಂಡುಮಗ ಇಲ್ಲ. ಬಿಲ್ಲೆ ಮಗುಚಲು ತಮಗೆ ಮನಸ್ಸಿಲ್ಲ. ಆದ್ದರಿಂದ ಸೇಠನ ಕಾಲು ಹಿಡಿದು ಒಪ್ಪಿಸಿದ್ದಾರೆ.

“ನೋಡಮ್ಮ ಮೋಹಿನಿ, ಈ ಕಂಪೌಂಡಿನಲ್ಲಿ ಹೆಣ್ಣುಮಗಳಿಗೆ ಬಿಲ್ಲೆ ಕೊಡ್ತಿರೋದು ಇದೇ ಮೊದಲು. ನೀನು ಓದಿದೋಳು, ಅದಕ್ಕೇ ನಿನ್ನ ಮೇಲೆ ನಂಬಿಕೆ. ಹೊಂಡಕ್ಕೆ ಇಳಿಯೋದು ಬೇಡ, ಚೀಲ ಹೊಲಿ, ಸಂಜೆ ನನ್ನ ಕಾಗದ ಪತ್ರ ನೋಡ್ಕೊ. ಖೋಲಿ ನಿಮ್ಮದೇ ಇರತ್ತೆ. ಇನ್ನೇನು ಬೇಕು?”

ಅಪ್ಪ ಬಗ್ಗಿ ಕೈ ಮುಗಿದ. ಎಂಟು ಬೆರಳಿನ ನಮಸ್ಕಾರ. ನನಗೆ ಸಿಟ್ಟು ಬಂತು. ತಿರುಮಲೇಶರ ಮೇಲೆ ಅಲ್ಲ, ಆ ಮುಗಿದ ಕೈಯ ಮೇಲೆ.

ಪಾಸಿನ ಸಾಹೇಬ ಹನ್ನೊಂದನೇ ತಾರೀಖಿಗೆ ಬರುತ್ತಾನೆ, ಹನ್ನೆರಡನೇ ತಾರೀಖಿನಿಂದ ಬಿಲ್ಲೆ ಕಟ್ಟಿಕೋ ಎಂದರು. ಅದಕ್ಕೂ ಮುಂಚೆ ಇನ್ನೊಂದು ಕೆಲಸ ಇತ್ತು. ಸೇಠನಿಗೆ ಇನ್ನಷ್ಟು ಕೈ ಬೇಕು. ಹನ್ನೆರಡು ದಾಟಿದ ಮಕ್ಕಳನ್ನೂ ಹದಿನಾರು ಎಂದು ತೋರಿಸಿ ಕಾಯಂ ಕೆಲಸಗಾರರ ಪಟ್ಟಿಗೆ ಸೇರಿಸಬೇಕು. ಆದ್ದರಿಂದ ಜನವರಿಯ ಫಾರಮುಗಳನ್ನೆಲ್ಲ ಹೊಸದಾಗಿ ತುಂಬಬೇಕು. ಹನ್ನೊಂದು ಮಕ್ಕಳು. ಅವರಲ್ಲಿ ಏಳು ಜನ ನನ್ನ ಹತ್ತಿರ ಬಳಪ ಹಿಡಿದು ಅಕ್ಷರ ತಿದ್ದಿದವರು.

ಮತ್ತೆ ಅದೇ ಮೇಜು, ಅದೇ ಕುರ್ಚಿ, ಕಿಟಕಿಯ ಮೇಲೆ ಅದೇ ಕಪ್ಪು. ಅವರು ಕನ್ನಡದಲ್ಲಿ ಹೇಳುತ್ತಾ ಹೋದರು. ನಾನು ಬರೆಯುತ್ತಾ ಹೋದೆ. ಒಂದನೇ ಖೋಲಿಯ ಹುಡುಗಿ, ಹದಿನಾರು, ತೊಗಲಿನ ಕೆಲಸ ಎಂದರು. ಹದಿಮೂರು, ಶಾಲೆಗೆ ಹೋಗುತ್ತಾಳೆ ಎಂದು ಬರೆದೆ, ವಯಸ್ಸನ್ನೂ ಅಂಕಿಯಲ್ಲದೆ ಅಕ್ಷರದಲ್ಲಿ. ಅವರು ಫಾರಮು ಎಳೆದುಕೊಂಡು ನೋಡಿದರು. ಅಕ್ಷರ ಯಾಕೋ ಇವತ್ತು ಸೊಟ್ಟಗಿದೆ ಎಂದು ಹೇಳಿ ಕೆಳಗೆ ಸಹಿ ಹಾಕಿದರು. ಸಹಿಯ ಮೇಲೆ ಅಚ್ಚಾಗಿದ್ದ ಸಾಲು ಮರಾಠಿಯಲ್ಲಿ ಹೀಗಿತ್ತು: ಮೇಲಿನದನ್ನು ಓದಿ ನೋಡಿದ್ದೇನೆ, ಎಲ್ಲವೂ ನಿಜ.

ಆಮೇಲೆ ಅಕ್ಷರ ಸೊಟ್ಟಗಾಗಲಿಲ್ಲ. ಚಂದ್ರಾಮ, ಹತ್ತೊಂಬತ್ತು, ಮಿಲ್ಲಿನ ಬದಲಿ ಕೆಲಸಗಾರ, ಪರೇಲ್. ಯಾರ ಮನಸ್ಸಿನಲ್ಲಿ ಯಾವ ಕೆಲಸದ ಆಸೆ ಇತ್ತೋ ನನಗೆ ಗೊತ್ತಿತ್ತು. ಒಟ್ಟಿಗೆ ಕುಳಿತು ಚೀಲ ಹೊಲಿದವರ ಮನೆಯ ಸಂಗತಿ ಯಾರಿಗೆ ಗೊತ್ತಿರುವುದಿಲ್ಲ? ಉಳಿದ ದೊಡ್ಡವರದ್ದನ್ನು ಹೇಗಿತ್ತೋ ಹಾಗೇ ಬಿಟ್ಟೆ. ಹದಿನಾಲ್ಕನೇ ಖೋಲಿ ಬಂತು. ಮೋಹಿನಿ, ಹದಿನೇಳು, ನರ್ಸಿಂಗ್ ವಿದ್ಯಾರ್ಥಿನಿ. ತಿರುಮಲೇಶ ಸಹಿ ಹಾಕಿದರು. ಶಾಬಾಸ್ ಮಗು ಎಂದರು.

ಆದರೆ ಕಾಗದದಿಂದಲೇ ಕೆಲಸ ಆಗುವುದಿಲ್ಲ. ಸಾಹೇಬ ಒಂದೊಂದನ್ನೂ ಗಟ್ಟಿಯಾಗಿ ಓದುತ್ತಾನೆ. ಖರೇನಾ ಎಂದು ಕೇಳುತ್ತಾನೆ. ಆಯಾ ಮನುಷ್ಯ ಹೋಯ್, ಅಂದರೆ ಹೌದು, ಅನ್ನಬೇಕು. ಹದಿನೆಂಟು ತುಂಬದವರಿಗೆ ತಂದೆ ತಾಯಿ ಅನ್ನಬೇಕು. ಆಗಲೇ ಪಾಸಿಗೆ ಠಸ್ಸೆ ಬೀಳುತ್ತದೆ. ಇಲ್ಲ ಅಂದರೆ ಅಲ್ಲೇ ಹೊಡೆದು ಬರೆಯುತ್ತಾನೆ.

ಹತ್ತನೇ ತಾರೀಖು ಮಧ್ಯಾಹ್ನ ಚೀಲ ಹೊಲಿಯುವ ಜಾಗದಲ್ಲಿ ಹೆಂಗಸರಿಗೆ ಹೇಳಿದೆ. ಯಾರ ಮಗುವಿನ ಮುಂದೆ ಏನು ಬರೆದಿದ್ದೇನೆ, ಎಲ್ಲ. ನಾಳೆ ಹೋಯ್ ಅನ್ನುವುದೂ ಬಿಡುವುದೂ ನಿಮ್ಮ ಇಷ್ಟ ಎಂದೆ. ಯಾರೂ ತಲೆ ಎತ್ತಲಿಲ್ಲ. ಭಾಗವ್ವ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದು, ಚೀಲ ಹೊತ್ತುಕೊಂಡು ಎದ್ದು ಹೋದಳು.

ಅವ್ವ ಅದನ್ನೆಲ್ಲ ಅಪ್ಪನಿಗೆ ಹೇಳಿದಳು. ಅಪ್ಪ ಗೋಡೆ ನೋಡುತ್ತಾ ಕುಳಿತಿದ್ದ.

“ಬಿಲ್ಲಿ ಮಗಚತಾರ,” ಎಂದ. ಕೊಡದ ಕಡೆ ತಿರುಗಿ, “ಎಂಟು ದಿನ ನೀರಿಲ್ದ ಹ್ಯಾಂಗ ಇರ್ತೀರಿ ನೀವು?” ಎಂದ.

ಸಾಯಬಣ್ಣ ಇದ್ದನಲ್ಲ, ಎಂದು ಬಾಯಿಗೆ ಬಂತು. ನುಂಗಿಕೊಂಡೆ. ಅಪ್ಪನ ಕಣ್ಣು ನೋಡಿದರೆ ಅವನೂ ಅದನ್ನೇ ನೆನೆಯುತ್ತಿದ್ದ.

ಹನ್ನೊಂದನೇ ತಾರೀಖು ಬೆಳಿಗ್ಗೆ ಗೇಟಿನೊಳಗೆ ಮೇಜು ಹಾಕಿದರು. ಸಾಹೇಬ ಮರಾಠಿಯವನು, ದಪ್ಪ ಕನ್ನಡಕ, ಮೂಗಿಗೆ ಕರ್ಚೀಫು ಒತ್ತಿಕೊಂಡೇ ಕುಳಿತ. ನಮ್ಮ ವಾಸನೆಯಿಂದ ಬೇಗ ಹೋಗಬೇಕಿತ್ತು ಅವನಿಗೆ. ಪಕ್ಕದ ಕುರ್ಚಿಯಲ್ಲಿ ತಿರುಮಲೇಶ. ಹಲಗೆಯ ಹತ್ತಿರ ವಾಚ್‌ಮನ್ ಈರಣ್ಣ. ನಾವು ಖೋಲಿಯ ನಂಬರಿನ ಪ್ರಕಾರ ಸಾಲಾಗಿ ನಿಂತೆವು.

ಒಂದನೇ ಖೋಲಿ. ಮೊದಲು ತಂದೆಯದು ಓದಿದ. ತೊಗಲಿನ ಕೆಲಸ. ಹೋಯ್. ಆಮೇಲೆ ಹುಡುಗಿಯದು. ಹದಿಮೂರು, ಶಾಲೆ. ಖರೇನಾ ಎಂದ. ತಂದೆ ತಿರುಮಲೇಶರ ಮುಖ ನೋಡಿದ. ಇಲ್ಲ ಎಂದು ತಲೆ ಆಡಿಸಿದ. ಕಾಯಂ ಕೆಲಸ ಎಂದ. ಸಾಹೇಬ ಬೇಸರದಿಂದ ಹೊಡೆದು ಬರೆದ. ನಾಲ್ಕನೇ ಖೋಲಿಯೂ ಹಾಗೇ. ಏಳನೇ ಖೋಲಿಯೂ ಹಾಗೇ. ಒಬ್ಬರಾದ ಮೇಲೆ ಒಬ್ಬರು ತಮ್ಮ ಮಕ್ಕಳನ್ನು ತಾವೇ ಹೊಂಡಕ್ಕೆ ಇಳಿಸಿದರು. ನಾನು ಕಾಲಿನ ಹೆಬ್ಬೆರಳು ನೋಡುತ್ತಾ ನಿಂತಿದ್ದೆ. ಎಲ್ಲ ಮುಗಿಯಿತು ಅನ್ನಿಸಿತು. ತಿರುಮಲೇಶರಿಗೆ ಏನೋ ಅನುಮಾನ ಬಂದಿತ್ತು, ಕುರ್ಚಿಯ ತುದಿಗೆ ಸರಿದಿದ್ದರು.

ಒಂಬತ್ತನೇ ಖೋಲಿ. ಚಂದ್ರಾಮ, ಗಿರಣಿ ಕಾಮಗಾರ, ಪರೇಲ್. ಖರೇನಾ? ಚಂದ್ರಾಮ ತಲೆ ತಗ್ಗಿಸಿದ. ಹೊಂಡದಲ್ಲಿ ನಿಂತ ಮೇಲೆ ಆ ಹುಡುಗ ಮಾತು ಕಡಿಮೆ ಮಾಡಿದ್ದ. ಸಾಹೇಬ ಪೆನ್ನು ಎತ್ತಿದ. ಆಗ ಹಿಂದಿನಿಂದ ಭಾಗವ್ವ ಮಗನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

“ಹೋಯ್,” ಎಂದಳು. ಅವಳಿಗೆ ಬರುತ್ತಿದ್ದ ಮರಾಠಿ ಅಷ್ಟೇ. ಉಳಿದದ್ದನ್ನು ನಮ್ಮ ಮಾತಿನಲ್ಲೇ ಹೇಳಿದಳು. “ಬರ್ದಿದ್ದು ಖರೇ ಅದ. ನನ್ನ ಮಗ ಮಿಲ್ಲಿನಾಂವ. ಈ ಹೊಂಡದಾಂವ ಅಲ್ಲ.”

ಚಂದ್ರಾಮ ಅವ್ವನ ಸೀರೆಯ ಹಿಂದಿನಿಂದ ಹೋಯ್ ಎಂದ. ಅವನ ಧ್ವನಿ ಒಡೆದಿತ್ತು.

ತಿರುಮಲೇಶ ಎದ್ದು ನಿಂತರು. ಗಿರಣಿ ಅಂದರೆ ಅವರಿಗೂ ತಿಳಿಯುತ್ತಿತ್ತು. ಇದರಲ್ಲಿ ತಪ್ಪಾಗಿದೆ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದರು. ಸಾಹೇಬ ಫಾರಮು ಅವರ ಕಡೆ ತಿರುಗಿಸಿ ಸಹಿಯ ಮೇಲೆ ಬೆರಳಿಟ್ಟ. ಇದು ನಿಮ್ಮ ಸಹಿಯೇ ಎಂದು ಕೇಳಿದ. ಹೌದು. ಓದಿ ನೋಡಿದ್ದೇನೆ ಎಂದು ಸಹಿ ಮಾಡಿದ್ದೀರಿ, ಓದಿದ್ದೀರೋ ಇಲ್ಲವೋ? ಆ ದಿನಗಳಲ್ಲಿ ಅಂಥ ಸಾಹೇಬನ ಮುಂದೆ ಸುಳ್ಳು ಸಹಿ ಹಾಕಿದೆ ಎಂದು ಒಪ್ಪಿಕೊಂಡರೆ ಸೇಠನೂ ಕಾಪಾಡುತ್ತಿರಲಿಲ್ಲ. ತಿರುಮಲೇಶ ನನ್ನ ಕಡೆ ನೋಡಿದರು. ಆರು ವರ್ಷದಲ್ಲಿ ಮೊದಲ ಸಲ ಅವರ ಮುಖದಲ್ಲಿ ಪ್ರೀತಿ ಇರಲಿಲ್ಲ. ನನಗೆ ಸಮಾಧಾನವಾಯಿತು. ಓದಿದ್ದೇನೆ ಎಂದು ಹೇಳಿ ಕುಳಿತರು.

ಹನ್ನೆರಡನೇ ಖೋಲಿಯವಳು ತನ್ನ ಮಗನಿಗೆ ಹೋಯ್ ಎಂದಳು. ಹದಿಮೂರನೆಯವನು ಇಲ್ಲ ಎಂದ.

ಹದಿನಾಲ್ಕನೇ ಖೋಲಿ. ಸಾಹೇಬ ಓದಿದ. ಮೋಹಿನಿ, ತಂದೆ ಖಂಡಪ್ಪ, ಹದಿನೇಳು, ನರ್ಸಿಂಗ್ ವಿದ್ಯಾರ್ಥಿನಿ. ಓದಿ ತಲೆ ಎತ್ತಿ ನನ್ನನ್ನು ನೋಡಿದ. ಕೆಂಪು ಕೈ ನೋಡಿದ. ಖರೇನಾ ಎಂದು ಅಪ್ಪನನ್ನು ಕೇಳಿದ.

ಅಪ್ಪ ನನ್ನ ಕೈ ನೋಡಿದ. ಅವನ ಕೊರಳಿನಲ್ಲಿ ಬಿಲ್ಲೆ ಇತ್ತು. ಹೋಯ್ ಅಂದರೆ ಅದು ನಾಳೆ ಮಗುಚುತ್ತದೆ. ಖೋಲಿ ಹೋಗುತ್ತದೆ. ಕಣ್ಣು ಮಂಜಾದ ಹೆಂಡತಿ, ಬೆರಳಿಲ್ಲದ ಕೈ, ಮಳೆಗಾಲ, ನಾಲೆಯ ದಂಡೆ. ಇದೆಲ್ಲ ನನಗೂ ಗೊತ್ತಿತ್ತು. ಅವನು ಇಲ್ಲ ಅಂದರೆ ನಾನು ಅವನನ್ನು ಬೈಯುವಂತಿರಲಿಲ್ಲ. ಆದರೂ ಮನಸ್ಸಿನೊಳಗೆ ಕೂಗುತ್ತಿದ್ದೆ. ಹೋಯ್ ಅನ್ನು ಅಪ್ಪಾ, ಒಂದು ಸಲ ಅನ್ನು. ನನಗೆ ಈ ಹೊಂಡ ಬೇಡ.

ತಿರುಮಲೇಶ ಮೆಲ್ಲಗೆ, ಕನ್ನಡದಲ್ಲಿ, ನೆನಪಿರಲಿ ಖಂಡಪ್ಪ ಎಂದರು.

ಅಪ್ಪ ಬಲಗೈಯ ಬಟ್ಟೆ ಬಿಚ್ಚತೊಡಗಿದ. ಎಡಗೈಯೊಂದರಿಂದಲೇ ಬಿಚ್ಚುವುದು ತಡವಾಯಿತು. ಆ ಕೈಯನ್ನು ಮೇಜಿನ ಮೇಲೆ, ಬಿಳಿಯ ಫಾರಮಿನ ಪಕ್ಕ ಇಟ್ಟ. ಸಾಹೇಬ ಕುರ್ಚಿ ಹಿಂದಕ್ಕೆ ಸರಿಸಿದ.

“ಇದು ಹೊಂಡಕ್ಕ ಕೊಟ್ಟ ಕೈ ನೋಡ್ರಿ ಸಾಹೇಬ್ರ. ಆಕಿ ಕೈ ಕೊಡಂಗಿಲ್ಲ. ಹೋಯ್. ಬರ್ದಿದ್ದು ಖರೇ ಅದ.”

ಸಾಹೇಬನಿಗೆ ಕನ್ನಡ ಬರುತ್ತಿರಲಿಲ್ಲ. ಹೋಯ್ ತಿಳಿಯಿತು. ಠಸ್ಸೆ ಹೊಡೆದ. ಪಾಸು ನನ್ನ ಕೈಗೆ ಬಂತು. ಫೋಟೋದಲ್ಲಿ ನನ್ನ ಮುಖ ಮಾತ್ರ ಇತ್ತು, ಕೈ ಇರಲಿಲ್ಲ.

ನಾನು ಬದಲಿಸಿ ಬರೆದದ್ದಕ್ಕೆ ಹೋಯ್ ಅಂದವರು ಕೊನೆಗೆ ಐದು ಖೋಲಿಯವರು. ಉಳಿದವರು ಹೆದರಿದರು. ಅವರನ್ನು ಹೇಡಿಗಳು ಅನ್ನಲು ನನಗೆ ನಾಲಿಗೆ ಬರುವುದಿಲ್ಲ. ಜನವರಿಯಲ್ಲಿ ಆ ಮೇಜಿನ ಮುಂದೆ ಕುಳಿತವಳು ನಾನು.

ಸಂಜೆ ಅಪ್ಪ ಬಿಲ್ಲೆಯನ್ನು ಮೊಳೆಗೆ ಹಾಕಿದ ಕೂಡಲೇ ಈರಣ್ಣ ಅದನ್ನು ಮಗುಚಿದ. ಮೇಲಿನಿಂದ ಹುಕುಂ ಎಂದ, ಮುಖ ನೋಡಲಿಲ್ಲ. ಒಂಬತ್ತನೇ ಖೋಲಿಯದನ್ನೂ ಮಗುಚಿದ. ನಮ್ಮ ಮನೆಯಲ್ಲಿ ಒಂದು ಕೊಡ ನೀರಿತ್ತು. ಅವ್ವ ಅದರ ಮೇಲೆ ತಟ್ಟೆ ಮುಚ್ಚಿ, ಯಾರೂ ಮುಟ್ಟಬೇಡಿ, ಮೋಹಿನಿ ಸ್ನಾನ ಮಾಡಿ ಹೋಗಬೇಕು ಎಂದಳು. ನನಗೆ ಸ್ನಾನ ಬೇಡ ಎಂದು ಜಗಳವಾಡಿದೆ. ಆ ನೀರಿಗಾಗಿ ನಾವು ಮೂವರೂ ಅತ್ತೆವು.

ಹನ್ನೆರಡನೇ ತಾರೀಖು. ಹದಿನೈದರವರೆಗೆ ಕಾಯುವುದು ಬೇಡ, ಇವತ್ತೇ ಹೋಗಿ ಆಸ್ಪತ್ರೆಯ ಮೆಟ್ಟಿಲ ಮೇಲಾದರೂ ಇರು ಎಂದು ಅಪ್ಪ ಹೇಳಿದ. ಬಟ್ಟೆಯ ಗಂಟು ಹಿಡಿದು ಹೊರಗೆ ಬಂದೆ. ಜನ ನಳದ ಹತ್ತಿರ ಸಾಲು ನಿಂತಿದ್ದರು. ನಮ್ಮನ್ನು ನೋಡಿ ಎಲ್ಲರೂ ಮುಖ ಆಚೆ ತಿರುಗಿಸಿದರು. ನಾನು ಒಂದು ಕಾಲದಲ್ಲಿ ಕೊಡ ತಬ್ಬಿಕೊಂಡು ನಿಂತಿದ್ದ ಜಾಗದಲ್ಲಿ ಒಂಬತ್ತು ಹತ್ತು ವರ್ಷದ ಒಂದು ಹುಡುಗಿ ಹಾಗೇ ತಬ್ಬಿಕೊಂಡು ನಿಂತಿದ್ದಳು.

ಭಾಗವ್ವ ಬಂದಳು. ಕೈಯಲ್ಲಿ ಖಾಲಿ ಕೊಡ. ಅವಳೂ ನಳ ಮುಟ್ಟುವಂತಿರಲಿಲ್ಲ. ಸಾಲಿನ ಪಕ್ಕದಿಂದ ನೇರ ನಡೆದು ನಳದ ಕೆಳಗೆ ಕೊಡ ಇಟ್ಟಳು. ಒಬ್ಬ ಮುದುಕ ಅಡ್ಡ ಬಂದು ನಳದ ಬಾಯಿಗೆ ಅಂಗೈ ಒತ್ತಿದ. ಅಪ್ಪ ಹೋಗಿ ಅವನ ಮಣಿಕಟ್ಟು ಹಿಡಿದ.

“ಬಿಡೋ ಕಾಕಾ. ಈ ಕೆಲಸ ನಾನೂ ಮಾಡೀನಿ. ಆ ನೀರು ಇನ್ನಾತನಕ ನನ್ನ ಗಂಟಲಾಗ ಇಳಿದಿಲ್ಲ.”

ಮುದುಕನ ಕೈ ಸಡಿಲವಾಯಿತು. ಕೊಡ ತುಂಬಿತು. ಭಾಗವ್ವ ಚೆರಿಗೆಯ ತುಂಬ ನೀರು ಮೊಗೆದು ನನ್ನ ಮುಂದೆ ಹಿಡಿದಳು. ಕುಡಿದು ಹೋಗು ಎಂದಳು. ಕುಡಿದೆ. ಅರ್ಧ ನೀರು ಎದೆಯ ಮೇಲೆ ಚೆಲ್ಲಿತು.

ಭೋಂಗಾ ಊದಿತು. ಗಂಡಸರು ಹಲಗೆಯ ಹತ್ತಿರ ಹೋದರು. ಹನ್ನೆರಡನೇ ಖೋಲಿಯವನು ತನ್ನ ಬಿಲ್ಲೆಯನ್ನು ಮೊಳೆಯಿಂದ ತೆಗೆದ. ಕೊರಳಿಗೆ ಕಟ್ಟಿಕೊಳ್ಳಲಿಲ್ಲ. ಈರಣ್ಣನ ಎದುರಿಗೇ ಅದನ್ನು ತಾನೇ ಮಗುಚಿ ಮೊಳೆಗೆ ಹಾಕಿ ಕೈ ಕಟ್ಟಿಕೊಂಡು ನಿಂತ. ಆಮೇಲೆ ಇಪ್ಪತ್ತನೆಯವನು. ಆಮೇಲೆ ನಿನ್ನೆ ಮಗಳಿಗೆ ಇಲ್ಲ ಎಂದಿದ್ದ ಒಂದನೇ ಖೋಲಿಯವನು, ಅಳುತ್ತಾ. ಅವನ ಹಿಂದೆ ಇನ್ನಿಬ್ಬರು. ಉಳಿದವರು ಬಿಲ್ಲೆ ಕಟ್ಟಿಕೊಂಡು ಹೊಂಡದ ಕಡೆ ನಡೆದರು. ಅವರಲ್ಲಿ ಕೆಲವರು ಹಿಂದೆ ತಿರುಗಿ ಹಲಗೆಯನ್ನು ನೋಡುತ್ತಿದ್ದರು.

ಗೇಟಿನಲ್ಲಿ ಈರಣ್ಣ ಬಿಲ್ಲೆ ಕೇಳಲಿಲ್ಲ. ಪಾಸು ತೋರಿಸಿದೆ. ಅವನಿಗೆ ಓದಲು ಬರುವುದಿಲ್ಲ. ಫೋಟೋ ನೋಡಿದ, ನನ್ನನ್ನು ನೋಡಿದ, ಅಗಳಿ ತೆಗೆದ. ಅಪ್ಪ ಅವ್ವ ಗೋಡೆಯ ಒಳಗೆ ನಿಂತಿದ್ದರು. ಮುಂದಿನ ಎಂಟು ದಿನ ಅವರಿಗೆ ಏನಾಗುತ್ತದೆ ನನಗೆ ಗೊತ್ತಿರಲಿಲ್ಲ. ಹೊರಗೆ ಒಂದು ಕಾಲು ಇಟ್ಟು ಹಲಗೆಯ ಕಡೆ ಮತ್ತೊಮ್ಮೆ ನೋಡಿದೆ. ಭೋಂಗಾ ನಿಂತಾಗ ಬೆನ್ನು ತೋರಿಸುತ್ತಿದ್ದ ಬಿಲ್ಲೆಗಳು ಏಳು. ಎರಡನ್ನು ಅವರು ಮಗುಚಿದ್ದರು. ಐದನ್ನು ನಮ್ಮವರೇ ಮಗುಚಿದ್ದರು.